ದೇವರ ನಾಯಿಗೆ ದತ್ತಕ ಅರ್ಜಿ

ನಂದಗಡದ ಹತ್ತಿರದ ಒಂದು ಕುರುಬರ ಹಟ್ಟಿಯಲ್ಲಿರುವ ಭರಮಣ್ಣ ತನ್ನ ಅರವತ್ತೆರಡು ವರ್ಷದ ಬಾಳಿನಲ್ಲಿ ‘ನನ್ನದು’ ಎಂಬ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ಇದನ್ನು ಕೇಳಿ ಅವನನ್ನು ವಿರಾಗಿ ಎಂದುಕೊಳ್ಳಬೇಡಿ. ಊಟಕ್ಕೆ ಕುಳಿತರೆ ಎರಡು ರೊಟ್ಟಿ ಹೆಚ್ಚೇ ಬೇಕು. ಬಸ್ಸಿನ ಕಿಟಕಿಯೊಳಗೆ ಟವೆಲ್ಲು ಎಸೆದು ಜಾಗ ಹಿಡಿಯುವುದರಲ್ಲಿ ಇಡೀ ಖಾನಾಪುರ ತಾಲೂಕಿನಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ಆ ಟವೆಲ್ಲು ಯಾರದು ಎಂದು ಕಂಡಕ್ಟರ್ ಕೇಳಿದರೆ, “ಅದು ನಾ ಹೋದಲ್ಲೆಲ್ಲಾ ಬರ್ತೈತ್ರಿ” ಎನ್ನುತ್ತಿದ್ದ.

ಅವನ ಮನೆತನದ ಪದ್ಧತಿಯೇ ಹಾಗೆ. ಜೀವವಿರುವ ಯಾವುದನ್ನೂ, ಜೀವಕ್ಕೆ ಬೇಕಾದ ಯಾವುದನ್ನೂ ನನ್ನದು ಎನ್ನಬಾರದು. ಆಡಿದರೆ ಆ ಮಾತು ಕೇಳಿಸಬಾರದವರ ಕಿವಿಗೆ ಬೀಳುತ್ತದೆ, ಆಮೇಲೆ ಅದು ಉಳಿಯುವುದಿಲ್ಲ. ಹೀಗಾಗಿ ಕುರಿಗಳು ಬೀರದೇವರವು, ಕುರಿ ಕಾಯುವ ನಾಯಿ ಬೀರದೇವರದು, ಮನೆ ಸತ್ತುಹೋದ ಹಿರಿಯರದು. ‘ನಮ್ಮದು’ ಎಂದು ಜಾರಿಕೊಳ್ಳುವ ಹಾಗೂ ಇಲ್ಲ. ತಪ್ಪು ಅದೇ, ಪಾಲುದಾರರು ಹೆಚ್ಚು ಅಷ್ಟೇ. ಸುತ್ತಲಿನ ಮನೆಗಳಲ್ಲಿ ಈ ಪದ್ಧತಿ ಎಂದೋ ಸಡಿಲಾಗಿ, ಈಗ ಎಲ್ಲರೂ ನನ್ನ ಗಾಡಿ, ನನ್ನ ಮೊಬೈಲು ಎಂದು ಧಾರಾಳವಾಗಿ ಹೇಳಿಕೊಂಡು ತಿರುಗುತ್ತಾರೆ. ಈ ಮನೆಯಲ್ಲಿ ಅದು ಸಡಿಲಾಗದಿದ್ದುದಕ್ಕೆ ಕಾರಣ ಸಾವಂತ್ರವ್ವ.

ಸಾವಂತ್ರವ್ವ ಭರಮಣ್ಣನ ತಾಯಿ. ವಯಸ್ಸು ಎಂಬತ್ತೇಳೋ ತೊಂಬತ್ತೋ, ಅದನ್ನೂ ಆಕೆ ತನ್ನದೆಂದು ಹೇಳಿಕೊಳ್ಳುವುದಿಲ್ಲ. ಭರಮಣ್ಣನಿಗಿಂತ ಮೊದಲು ಮೂರು ಗಂಡು ಹೆತ್ತಿದ್ದಳು. ಮೂವರನ್ನೂ ನನ್ನ ಮಗಾ, ನನ್ನ ಬಂಗಾರಾ ಎಂದು ಮುದ್ದಾಡಿ, ಮೂವರನ್ನೂ ಮಣ್ಣಿಗೆ ಕೊಟ್ಟಿದ್ದಳು. ನಾಲ್ಕನೆಯದು ಹುಟ್ಟಿದಾಗ ಅದನ್ನು ಬೀರದೇವರ ಗುಡಿಯ ಹೊಸ್ತಿಲ ಮೇಲೆ ಮಲಗಿಸಿ, ಇದು ನಿನ್ನದು, ನಾನು ಹಾಲು ಕುಡಿಸುವವಳು ಮಾತ್ರ ಎಂದು ದೇವರಿಗೆ ಹೇಳಿದಳಂತೆ. ಮಗು ಉಳಿಯಿತು. ಅವತ್ತಿನಿಂದ ಯಾರು ಏನು ಕೇಳಿದರೂ ಅವನು ಅವಳಿಗೆ ‘ದೇವರ ಹುಡುಗ’. ಈಗ ಆ ಹುಡುಗನ ಮೀಸೆ ಬೆಳ್ಳಗಾಗಿದೆ, ಮುಂದಿನ ಎರಡು ಹಲ್ಲು ಬಿದ್ದಿವೆ. ಅವಳು ಮಾತು ಬದಲಿಸಿಲ್ಲ.

ತಾಯಿ ಹೀಗಿದ್ದ ಮೇಲೆ ಮಗ ಇನ್ನು ಹೇಗಿರಬೇಕು? ಹೆಂಡತಿ ಸತ್ಯವ್ವನನ್ನು ಪರಿಚಯ ಮಾಡಿಕೊಡುವಾಗ ಭರಮಣ್ಣ ‘ಇಕಿ ಕಲ್ಮೇಶನ ಅವ್ವ’ ಎನ್ನುತ್ತಿದ್ದ. ಕಲ್ಮೇಶ ಯಾರು ಎಂದರೆ ‘ಸತ್ಯವ್ವನ ಮಗ’. ಕಲ್ಮೇಶನನ್ನು ಸಾಲೆಗೆ ಹಾಕಲು ಹೋದಾಗ, ನೀವು ಹುಡುಗನಿಗೆ ಏನಾಗಬೇಕು ಎಂದು ಹೆಡ್ ಮಾಸ್ತರರು ಕೇಳಿದ್ದಕ್ಕೆ, ಕರಕೊಂಡು ಬಂದವನು ಎಂದು ಹೇಳಿ ಬಂದಿದ್ದ. ಮಾಸ್ತರರು ತಂದೆಯ ಕಾಲಂ ಖಾಲಿ ಬಿಟ್ಟು ಪಾಲಕರ ಕಾಲಮಿನಲ್ಲಿ ಹೆಸರು ಬರೆದರು. ಕಲ್ಮೇಶ ಈಗ ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಮಶೀನಿನ ಮೇಲೆ ನಿಲ್ಲುವ ಇಪ್ಪತ್ತೆಂಟರ ಗಂಡಸು. ಆದರೂ ಆ ಖಾಲಿ ಕಾಲಂ ನೆನಪಾದಾಗಲೆಲ್ಲ ಅವನ ಮುಖ ಹುಳ್ಳಗಾಗುತ್ತದೆ.

ಭರಮಣ್ಣ ಸ್ವತಃ ಮೂವತ್ತೊಂದು ವರ್ಷ ಅದೇ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಅಚ್ಚಿಗೆ ಮರಳು ತುಂಬಿದವನು. ವಾರವಿಡೀ ಅಲ್ಲೇ ಒಂದು ಬಾಡಿಗೆ ಖೋಲಿಯಲ್ಲಿದ್ದು, ರಜೆಗೆ ಮಾತ್ರ ಊರಿಗೆ ಬರುತ್ತಿದ್ದ. ನಿವೃತ್ತನಾಗಿ ಬಂದು ಕೋಲು ಹಿಡಿದಾಗ ಕುರಿ ಕಾಯುವುದು ಅವನಿಗೆ ಮರೆತೇ ಹೋಗಿತ್ತು. ಹೊಸದಾಗಿ ವರ್ಗವಾಗಿ ಬಂದ ಸಾಹೇಬನನ್ನು ಹಳೆಯ ಗುಮಾಸ್ತರು ನೋಡುವ ಹಾಗೆ ಕುರಿಗಳು ಅವನನ್ನು ನೋಡಿದವು. ಎಡಕ್ಕೆ ಎಂದರೆ ಬಲಕ್ಕೆ ಹೋದವು. ಆಗ ಅವನ ಮಾನ ಉಳಿಸಿದವನು ಹಂಡ್ಯಾ.

ಹಂಡ್ಯಾ ಎಂದರೆ ಕಪ್ಪು ಮೈಮೇಲೆ ಬಿಳಿ ಮಚ್ಚೆಯ ನಾಯಿ, ಆಗಿನ್ನೂ ಎರಡು ವರ್ಷದ್ದು. ಯಾವ ಹೊಲಕ್ಕೆ ಹೋಗಬೇಕು, ಎಷ್ಟು ಹೊತ್ತಿಗೆ ನೀರಿಗೆ ಇಳಿಸಬೇಕು, ಯಾವ ಟಗರು ಕಳ್ಳ, ಎಲ್ಲವೂ ಅವನಿಗೆ ಗೊತ್ತಿತ್ತು. ಅವನು ಮುಂದೆ ಹೋಗುತ್ತಿದ್ದ, ಕುರಿಗಳು ಹಿಂದೆ, ಎಲ್ಲರಿಗಿಂತ ಹಿಂದೆ ಭರಮಣ್ಣ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಇಬ್ಬರೂ ಒಂದೇ ರೊಟ್ಟಿ ಹಂಚಿಕೊಳ್ಳುತ್ತಿದ್ದರು. ಫೌಂಡ್ರಿಯಲ್ಲಿ ಕಳೆದ ಅಷ್ಟು ವರ್ಷದಲ್ಲಿ ಯಾರೊಂದಿಗೂ ಆಡದಷ್ಟು ಮಾತನ್ನು ಭರಮಣ್ಣ ಆ ನಾಯಿಯೊಂದಿಗೆ ಆಡಿದ್ದ. ಅವನಿಗೆ ಅದರ ಮೇಲೆ ಜೀವವಿತ್ತು, ಸುಮ್ಮನೆ ಸುತ್ತಿ ಬಳಸಿ ಹೇಳುವುದೇಕೆ.

ಮಳೆಗಾಲ ಮುಗಿಯುವ ಹೊತ್ತಿಗೆ ಎರಡು ಟಗರುಗಳನ್ನು ಬೆಳಗಾವಿಯ ಪೇಟೆಗೆ ಒಯ್ಯುವ ಗಾಡಿಗೆ ಹಂಡ್ಯಾ ಯಾರಿಗೂ ಹೇಳದೆ ಹಾರಿ ಕುಳಿತ. ಟಗರುಗಳು ಹೋದಲ್ಲಿ ತಾನೂ ಹೋಗಬೇಕೆಂಬುದು ಅವನ ತಿಳುವಳಿಕೆ. ಪೇಟೆಯ ಗದ್ದಲದಲ್ಲಿ ತಪ್ಪಿಸಿಕೊಂಡ. ಭರಮಣ್ಣ ಹನ್ನೊಂದು ದಿನ ಬೆಳಗಿನ ಬಸ್ಸಿಗೆ ಹೋಗಿ ಓಣಿ ಓಣಿ ಅಲೆದು ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ಬಂದ. ಹೆಚ್ಚಿನ ಎರಡು ರೊಟ್ಟಿ ಬಿಟ್ಟ, ಆಮೇಲೆ ಮೊದಲಿನ ಎರಡನ್ನೂ ಬಿಟ್ಟ. ಹನ್ನೆರಡನೆಯ ದಿನ ಕಲ್ಮೇಶ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ಕೊರಳಿಗೆ ಕೆಂಪು ಕರವಸ್ತ್ರ ಕಟ್ಟಿಸಿಕೊಂಡು, ಒಂದು ಕಾಲಿಗೆ ಪಟ್ಟಿ ಸುತ್ತಿಸಿಕೊಂಡು, ಮದುವೆ ಫೋಟೊಕ್ಕೆ ಕುಳಿತ ಮದುಮಗನಂತೆ ಹಂಡ್ಯಾ ಕುಳಿತಿದ್ದ. ಕೆಳಗೆ ‘ನಾನು ಆಸ್ಕರ್. ನನಗೆ ಪ್ರೀತಿ ತುಂಬಿದ ಮನೆ ಬೇಕು’ ಎಂದು ಬರೆದಿತ್ತು. ಹಾಗೆಂದು ಅವನೇ ಹೇಳಿದನೇ ಎಂದು ಭರಮಣ್ಣ ಗಾಬರಿಯಿಂದ ಕೇಳಿದ.

ಆ ಫೋಟೊ ಹಾಕಿದ್ದ ಪ್ರಾಣಿಗಳ ಆಶ್ರಯಧಾಮ ಬೆಳಗಾವಿಯ ವಡಗಾವಿ ಭಾಗದ ಒಂದು ಓಣಿಯ ತುದಿಗೆ, ಹಿಂದೆ ಮಗ್ಗಗಳಿದ್ದ ತಗಡಿನ ಷೆಡ್ಡಿನಲ್ಲಿತ್ತು. ಅಕ್ಕಪಕ್ಕದಲ್ಲೆಲ್ಲ ಇನ್ನೂ ಮಗ್ಗ ನಡೆಯುತ್ತವೆ. ಆ ಖಟಪಟಕ್ಕೆ ನಾಯಿಗಳು ಎಷ್ಟು ಹೊಂದಿಕೊಂಡಿದ್ದವೆಂದರೆ, ಕರೆಂಟು ಹೋಗಿ ಮಗ್ಗ ನಿಂತಾಗ ಮಾತ್ರ ಹೆದರಿ ಬೊಗಳುತ್ತಿದ್ದವು. ಅಲ್ಲಿಯ ಮೇಲ್ವಿಚಾರಕಿ ಶುಭದಾ ಎಂಬಾಕೆ. ನಲವತ್ತರ ಆಸುಪಾಸಿನ ಆಕೆ ಮನೆಯಲ್ಲಿ ಮರಾಠಿ ಆಡಿ, ನಾಯಿಗಳೊಂದಿಗೆ ಎರಡೂ ಭಾಷೆ ಬೆರೆಸಿ ಆಡುವವಳು. ಭರಮಣ್ಣ ಬಾಗಿಲಲ್ಲಿ ಕಾಣಿಸಿದ್ದೇ ತಡ, ಹಂಡ್ಯಾ ಪಟ್ಟಿ ಸುತ್ತಿದ ಕಾಲನ್ನೂ ಮರೆತು ಬಂದು ಅವನ ಮೈಮೇಲೆ ಬಿದ್ದು, ಮೀಸೆ, ಕಿವಿ, ಟೊಪ್ಪಿಗೆ ಎಲ್ಲ ನೆಕ್ಕಿ, ಅವನ ತೊಡೆಯ ಮೇಲೆ ತಲೆ ಇಟ್ಟು ಕಣ್ಣು ಮುಚ್ಚಿದ. ಶುಭದಾಳ ಕಣ್ಣು ಒದ್ದೆಯಾದವು. ಆಮೇಲೆ ಆಕೆ ಕೇಳಬೇಕಾದ್ದನ್ನು ಕೇಳಿದಳು.

“ಕಾಕಾ, ಇದು ನಿಮ್ಮ ನಾಯಿ ಹೌದಲ್ರಿ?”

ಹೂಂ ಎಂದಿದ್ದರೆ ನನಗೆ ಹೇಳಲು ಕಥೆ ಇರುತ್ತಿರಲಿಲ್ಲ, ಅವನಿಗೆ ಮಧ್ಯಾಹ್ನದ ಬಸ್ಸು ಸಿಗುತ್ತಿತ್ತು. ಭರಮಣ್ಣ ನಾಯಿಯ ತಲೆ ಸವರುತ್ತಲೇ, “ಅಲ್ರೀ ಅಕ್ಕಾರ, ದೇವರದು” ಎಂದ.

ಆಕೆ ಯಾವ ದೇವರು ಎಂದು ಕೇಳಿದಳು. ಅವನು ಬೀರದೇವರು ಎಂದ. ವಿಳಾಸ ಕೇಳಿದಳು. ಊರ ಹೊರಗಿನ ಗುಡ್ಡ ಎಂದ. ಆಕೆ ಅದನ್ನು ಅರ್ಧ ಬರೆದು ಹೊಡೆದುಹಾಕಿದಳು. ಹಿಂದೊಮ್ಮೆ ಯಾರೋ ಒಬ್ಬ ನನ್ನದೇ ನನ್ನದೇ ಎಂದು ಅತ್ತು ಕರೆದು ಒಳ್ಳೆ ಜಾತಿಯ ನಾಯಿಯೊಂದನ್ನು ಒಯ್ದು ಮಾರಿಕೊಂಡಿದ್ದನಂತೆ. ಅಂದಿನಿಂದ ನಿಯಮ ಬಿಗಿಯಾಗಿತ್ತು. ನಾಯಿ ಹೋಗುವುದು ಒಂದೋ ಅದರ ಮಾಲೀಕರಿಗೆ, ಇಲ್ಲವೇ ಅರ್ಜಿ ತುಂಬಿ ಮನೆ ತಪಾಸಣೆಯಲ್ಲಿ ಪಾಸಾದ ದತ್ತಕದವರಿಗೆ. ಈತ ಮಾಲೀಕನಲ್ಲ ಎಂದು ತಾನೇ ಹೇಳಿದ್ದಾನೆ. ಹೀಗಾಗಿ ಭರಮಣ್ಣ ಹಂಡ್ಯಾನನ್ನು ತೊಡೆಯ ಮೇಲೆ ಮಲಗಿಸಿಕೊಂಡೇ, ಹಂಡ್ಯಾನನ್ನು ದತ್ತಕಕ್ಕೆ ಕೊಡಿ ಎಂದು ಅರ್ಜಿ ತುಂಬಲು ಕುಳಿತ.

ಹಿಂದೆ ನಾಯಿ ಸಾಕಿದ ಅನುಭವ ಇದೆಯೇ? ಇಲ್ಲ ಎಂದ, ಮನೆಯಲ್ಲಿ ಒಂದಿಪ್ಪತ್ತು ನಾಯಿ ಆಗಿಹೋಗಿವೆ, ಆದರೆ ಅವನ್ನು ದೇವರು ಸಾಕಿದ. ಮನೆ ಸ್ವಂತದ್ದೋ ಬಾಡಿಗೆಯದೋ? ಎರಡೂ ಅಲ್ಲ. ಮಕ್ಕಳೆಷ್ಟು? ಸತ್ಯವ್ವನಿಗೆ ಒಬ್ಬ. ಸತ್ಯವ್ವ ಯಾರು? ಕಲ್ಮೇಶನ ಅವ್ವ. ಶುಭದಾ ಎರಡು ಸಲ ಹಿಂದಿನ ಪುಟ ತಿರುವಿ ನೋಡಿದಳು. ಗುರುತಿನ ಚೀಟಿಯಲ್ಲಿ ಇನ್ನೂ ಉದ್ಯಮಬಾಗದ ಆ ಬಿಟ್ಟುಬಂದ ಖೋಲಿಯ ವಿಳಾಸವೇ ಇತ್ತು. ಟಿಳಕವಾಡಿಯ ಒಂದು ಕುಟುಂಬವೂ ಆಸ್ಕರನಿಗೆ ಅರ್ಜಿ ಹಾಕಿದೆ, ಭಾನುವಾರ ನಿಮ್ಮ ಮನೆ ನೋಡಿ ನಿರ್ಧರಿಸುತ್ತೇನೆ ಎಂದು ಹೇಳಿ ಕಳಿಸಿದಳು. ಹಂಡ್ಯಾ ಗೇಟಿನ ತನಕ ಬಂದು, ಗೇಟು ತನಗೇಕೆ ತೆರೆಯುತ್ತಿಲ್ಲ ಎಂದು ತಿಳಿಯದೆ ಕೂತುಬಿಟ್ಟ. ಭರಮಣ್ಣ ತಿರುಗಿ ನೋಡದೆ ನಡೆದ, ನೋಡಿದ್ದರೆ ಅವನಿಗೆ ಹೆಜ್ಜೆ ಬರುತ್ತಿರಲಿಲ್ಲ.

ಕಲ್ಮೇಶ ತಲೆ ಚಚ್ಚಿಕೊಂಡ. ತಾನೇ ಅರ್ಜಿ ಹಾಕುತ್ತೇನೆ ಎಂದು ಫೋನು ಮಾಡಿದರೆ, ದಿನವಿಡೀ ಮನೆಯಲ್ಲಿ ಇರುವವರ ಹೆಸರಿಗೇ ಅರ್ಜಿ ಆಗಬೇಕೆಂಬ ಉತ್ತರ ಬಂತು. ಹಾಗಾಗಿ ಶನಿವಾರ ರಜೆ ಹಾಕಿ ಬಂದು, ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ‘ನನ್ನದು’ ಎನ್ನುವುದನ್ನು ಕಲಿಸತೊಡಗಿದ. ನಾಯಿಯಿಂದಲೇ ಶುರು ಮಾಡುವುದು ಬೇಡ, ಜೀವವಿಲ್ಲದ್ದರಿಂದ ರೂಢಿಯಾಗಲಿ ಎಂದು ಒಂದು ತಂಬಿಗೆ ತಂದಿಟ್ಟ. ಭರಮಣ್ಣ ತಂಬಿಗೆಯನ್ನು ದಿಟ್ಟಿಸಿ ನೋಡಿ, ಬೆವರಿ, ‘ನ’ ಎಂದು ಕೆಮ್ಮಿದ. ತಂಬಿಗೆ ಆದಮೇಲೆ ಕಸಬರಿಗೆ, ಕಸಬರಿಗೆ ಆದಮೇಲೆ ಹರಿದ ಚಪ್ಪಲಿ. ಸಂಜೆಯ ಹೊತ್ತಿಗೆ ಹರಿದ ಚಪ್ಪಲಿಯನ್ನು ‘ಇದು ಯಾರದೂ ಅಲ್ಲ’ ಎನ್ನುವ ಮಟ್ಟಕ್ಕೆ ಬಂದ. ಅದೇ ದೊಡ್ಡ ಪ್ರಗತಿ ಎಂದುಕೊಂಡು ಕಲ್ಮೇಶ ಎದ್ದ.

ಇತ್ತ ಸತ್ಯವ್ವ ಗೋಡೆಗೆ ಸುಣ್ಣ ಹೊಡೆದು, ಅಂಗಳ ಸಾರಿಸಿ, ನಾಯಿಗೆಂದು ಹೊಸ ಗಾದಿ ಹೊಲಿಸಿ ತಂದಿದ್ದಳು. ಮನೆಯಲ್ಲಿ ಉಳಿದವರೆಲ್ಲ ಮಲಗುವುದು ಕಂಬಳಿಯ ಮೇಲೆ. ಇಷ್ಟು ಸಡಗರ ನೋಡಿದ ಅಕ್ಕಪಕ್ಕದವರು ಕಲ್ಮೇಶನನ್ನು ನೋಡಲು ಹೆಣ್ಣಿನ ಕಡೆಯವರು ಬರುತ್ತಿದ್ದಾರೆಂದು ತಿಳಿದು, ಹುಡುಗಿ ಯಾವ ಊರಿನವಳು ಎಂದು ಕೇಳಿಕೊಂಡು ಬಂದರು. ನಾಯಿಗೆ ಮನೆ ನೋಡಲು ಬರುತ್ತಿದ್ದಾರೆ ಎಂದು ಸತ್ಯವ್ವ ಹೇಳಿದಾಗ ಒಬ್ಬರೂ ನಂಬಲಿಲ್ಲ. ಹೋಗುವಾಗ ಎಲ್ಲರೂ ಒಳ್ಳೆಯದಾಗಲಿ ಎಂದು ಹರಸಿಯೇ ಹೋದರು.

ಭಾನುವಾರ ಶುಭದಾ ಬಂದಳು. ಜೊತೆಗೆ ಅನಿಕೇತ ಎಂಬ ಸಹಾಯಕ, ಕೈಯಲ್ಲಿ ಅಳತೆಯ ಟೇಪು. ಅವನು ಬಂದವನೇ ಗೋಡೆ, ಬಾಗಿಲು, ಅಂಗಳ ಎಲ್ಲ ಅಳೆಯತೊಡಗಿದ. ಗಾದಿಯ ಮೇಲೆ ಕೈ ಒತ್ತಿ ಮೆತ್ತಗಿದೆ ಎಂದು ಬರೆದುಕೊಂಡ. ಬಿಸಿಲು ಬೀಳುತ್ತದೆಯೇ, ಸಿಡಿಮದ್ದಿನ ಸದ್ದು ಬರುತ್ತದೆಯೇ, ನಾಯಿಗೆ ಬೇಸರವಾದರೆ ಏನು ಮಾಡುತ್ತೀರಿ ಎಂದೆಲ್ಲ ಕೇಳಿದ. ಮನೆಯ ಪ್ರತಿಯೊಬ್ಬರ ಒಪ್ಪಿಗೆಯೂ ಬೇಕು, ನಿಮಗೆ ಮನಸ್ಸಿದೆಯೇ ಎಂದು ಶುಭದಾ ಸತ್ಯವ್ವನನ್ನು ಕೇಳಿದಳು. ಅವಲಕ್ಕಿಯ ತಾಟು ಹಿಡಿದು ನಿಂತಿದ್ದ ಸತ್ಯವ್ವ ಅದನ್ನು ಕೆಳಗಿಟ್ಟಳು.

“ನನ್ನನ್ನ ಈ ಮನಿಗೆ ಕೊಡೂವಾಗ ಯಾರೂ ಟೇಪ ಹಿಡಕೊಂಡು ಬಂದಿರಲಿಲ್ರಿ,” ಎಂದಳು. “ಮನಸ್ಸೈತೇನ ಅಂತ ಕೇಳಿದವರು ನೀವ ಮೊದಲು. ಐತಿ ಅಂತ ಬರಕೋರಿ.”

ಶುಭದಾ ತಲೆ ತಗ್ಗಿಸಿ ಬರೆದುಕೊಂಡಳು. ಅನಿಕೇತ ಟೇಪನ್ನು ಸ್ವಲ್ಪ ಮಡಚಿದ.

ಅಲ್ಲಿಯವರೆಗೆ ಎಲ್ಲ ನೆಟ್ಟಗಿತ್ತು. ಗುರುತಿನ ಚೀಟಿಯಲ್ಲಿ ಬೇರೆ ವಿಳಾಸವಿದ್ದುದರಿಂದ, ಈತ ಈ ಮನೆಯವನೇ ಹೌದು ಎಂದು ಮನೆಯ ಹಿರಿಯರೊಬ್ಬರು ಸಂಬಂಧ ಹೇಳಿ ಹೆಬ್ಬೆಟ್ಟು ಒತ್ತಬೇಕಿತ್ತು. ಹಿರಿಯಳೆಂದರೆ ಸಾವಂತ್ರವ್ವ. ಗೋಡೆಗೆ ಒರಗಿ ಎಲೆಯಡಿಕೆ ಕುಟ್ಟುತ್ತ ಕುಳಿತಿದ್ದ ಆಕೆಯ ಮುಂದೆ ಶುಭದಾ ಕುಕ್ಕರಗಾಲಿನಲ್ಲಿ ಕುಳಿತು, ಇವರು ನಿಮಗೇನಾಗಬೇಕು ಎಂದು ಕೇಳಿದಳು.

“ದೇವರ ಹುಡುಗ,” ಎಂದಳು ಸಾವಂತ್ರವ್ವ.

ಶುಭದಾ ಇನ್ನೊಂದು ರೀತಿಯಲ್ಲಿ ಕೇಳಿದಳು. ಹಸುಗೂಸಿದ್ದಾಗ ಹಾಲು ಕುಡಿಸಿದ್ದೇನೆ, ಈಗ ರೊಟ್ಟಿ ತಿನ್ನುತ್ತಾನೆ ಎಂಬ ಉತ್ತರ ಬಂತು. ಈ ಮನೆ ಯಾರದು? ಹಿರಿಯರದು. ಹಿರಿಯರು ಎಲ್ಲಿದ್ದಾರೆ? ಸಾವಂತ್ರವ್ವ ಹಿತ್ತಲ ಆಚೆಗಿನ ಮಣ್ಣಿನ ದಿಬ್ಬಗಳತ್ತ ಕೈ ತೋರಿಸಿದಳು. ಕಲ್ಮೇಶ ನಡುವೆ ಬಾಯಿ ಹಾಕಿ, ಇವರು ಅಪ್ಪ, ಅವಳು ಅಪ್ಪನ ಅವ್ವ ಎಂದು ಬಡಬಡಿಸಿದ. ನಿಮ್ಮ ಸಾಲೆಯ ದಾಖಲೆ ಇದ್ದರೆ ತೋರಿಸಿ ಎಂದಳು ಶುಭದಾ. ಅವನು ಪೆಟ್ಟಿಗೆ ಬಿಚ್ಚಿ ದಾಖಲೆ ತಂದ. ತಂದೆಯ ಕಾಲಂ ಖಾಲಿಯಿತ್ತು.

ಶುಭದಾ ಪೆನ್ನಿಗೆ ಮುಚ್ಚಳ ಹಾಕಿದಳು. ಆಕೆ ಕೆಟ್ಟವಳಲ್ಲ, ಹೇಳುವಾಗ ಆಕೆಯ ಧ್ವನಿಯೂ ಸೋತಿತ್ತು.

“ಕಾಕಾ, ಸಿಟ್ಟಾಗಬ್ಯಾಡ್ರಿ. ಯಾರಿಗೂ ಯಾರೂ ಏನೂ ಆಗದ ಮನಿಗೆ ನಾ ಹ್ಯಾಂಗ ನಾಯಿ ಕೊಡ್ಲಿ?”

ಹಂಡ್ಯಾ ಟಿಳಕವಾಡಿಯ ಯಾವುದೋ ಮಾಳಿಗೆಯ ಮೇಲೆ ಕೆಂಪು ಕರವಸ್ತ್ರ ಕಟ್ಟಿಕೊಂಡು, ಕುರಿಯೇ ಇಲ್ಲದ ರಸ್ತೆಯನ್ನು ನೋಡುತ್ತ ಕೂತಿರುವುದು ಭರಮಣ್ಣನ ಕಣ್ಣಿಗೆ ಕಟ್ಟಿತು. ಅವನು ಎದ್ದು ನಿಂತ. ತಂಬಿಗೆಗೆ ಆಡಲಾರದ, ಹರಿದ ಚಪ್ಪಲಿಗೂ ಆಡಲಾರದ ಮಾತನ್ನು ಈಗ ಆಡಿಯೇ ಬಿಡುವುದೆಂದು ಬಾಯಿ ತೆರೆದ. “ಅಕ್ಕಾರ, ಆ ನಾಯಿ…” ಎಂದ. ಮುಂದಿನ ಅಕ್ಷರ ಅವನ ಹಲ್ಲು ಬಿದ್ದ ಸಂದಿಯ ತನಕ ಬಂದುದನ್ನು ಎಲ್ಲರೂ ಕಂಡರು.

“ಬಾಯಿ ಮುಚ್ಚು, ಭರಮಾ,” ಎಂದಳು ಸಾವಂತ್ರವ್ವ.

ಅವಳು ಕುಟ್ಟುವುದನ್ನು ನಿಲ್ಲಿಸಿದ್ದಳು. ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಹದಿನೈದು ದಿನದಲ್ಲಿ ಅವನ ಅಂಗಿ ಸಡಿಲಾಗಿತ್ತು, ಗಂಟಲಿನ ಎಲುಬು ಎದ್ದಿತ್ತು. ಇವನು ಈಗ ಆ ಮಾತು ಆಡಿದರೆ ನಾಯಿ ಮನೆಗೆ ಬರುತ್ತದೆ, ಆದರೆ ಉಳಿಯುವುದಿಲ್ಲ. ಮೂರು ಸಲ ಆಡಿ ಕಂಡವಳು ತಾನು. ಆಡದಿದ್ದರೆ ನಾಯಿ ಬರುವುದೇ ಇಲ್ಲ. ಯಾರಾದರೂ ಒಬ್ಬರು ಏನನ್ನಾದರೂ ತನ್ನದು ಎನ್ನಲೇಬೇಕಾಗಿತ್ತು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗುಡ್ಡದ ಕಡೆಗೆ ಮುಖ ಮಾಡಿ, ಪಕ್ಕದ ಮನೆಯವನೊಂದಿಗೆ ಮಾತಾಡುವ ಧ್ವನಿಯಲ್ಲಿ ದೇವರನ್ನು ಕೇಳಿದಳು.

“ಇಷ್ಟು ಮುದುಕನ್ನ ಒಯ್ದು ನೀನರ ಏನ ಮಾಡ್ತಿ?”

ಉತ್ತರಕ್ಕೆ ಸ್ವಲ್ಪ ಕಾದಳು. ಆಮೇಲೆ ಶುಭದಾಳ ಕಡೆ ತಿರುಗಿದಳು.

“ಬರಕೋ ತಂಗಿ. ಇವ ನನ್ನ ಮಗ.”

ಎಲ್ಲರೂ ಭರಮಣ್ಣನನ್ನೇ ನೋಡಿದರು, ಈಗ ಬಿದ್ದಾನು, ಇನ್ನೊಂದು ಗಳಿಗೆಗೆ ಬಿದ್ದಾನು ಎಂಬಂತೆ. ಸತ್ಯವ್ವ ಓಡಿಹೋಗಿ ನೀರು ತಂದಳು. ಏನೊಂದೂ ತಿಳಿಯದ ಅನಿಕೇತನೂ ಹೆದರಿ ಅವನ ರಟ್ಟೆ ಹಿಡಿದುಕೊಂಡ. ಭರಮಣ್ಣ ಎದೆಯ ಮೇಲೆ ಕೈ ಇಟ್ಟು ಬಡಿತ ನೋಡಿಕೊಂಡ. ಹೊರಗೆ ಒಂದು ಕುರಿ ಸೀನಿತು. ಅದರ ಹೊರತು ಏನೂ ಆಗಲಿಲ್ಲ.

ಏನೂ ಆಗಲಿಲ್ಲ ಎಂಬುದು ಖಾತ್ರಿಯಾದ ಮೇಲೆ ಸಾವಂತ್ರವ್ವನನ್ನು ಹಿಡಿಯುವವರೇ ಇಲ್ಲದಾಯಿತು. ಅರವತ್ತೆರಡು ವರ್ಷ ತಡೆದಿಟ್ಟದ್ದು ಒಮ್ಮೆಲೇ ಕಿತ್ತುಕೊಂಡು ಬಂತು. ಇವಳು ನನ್ನ ಸೊಸೆ ಎಂದಳು, ಅವನು ನನ್ನ ಮೊಮ್ಮಗ ಎಂದಳು. ಈ ಮನೆ ನನ್ನದು, ಕಂಬ ನನ್ನದು, ಅಡಕೊತ್ತು ನನ್ನದು, ಅಂಗಳದ ಬೇವಿನ ಗಿಡ ನನ್ನದು ಎಂದು ಕೈಯ ಊರುಗೋಲಿನಿಂದ ತೋರಿಸುತ್ತ ಹೋದಳು. ಹಿತ್ತಲಿನ ಆಚೆಯ ಪಕ್ಕದವರ ಬಣವೆಯನ್ನೂ ಸೇರಿಸಿಕೊಂಡಳು. ಅನಿಕೇತನ ಟೇಪು ಕೂಡ ಅವಳದಾಯಿತು, ಅವನು ಅದನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಳ್ಳಬೇಕಾಯಿತು. ಶುಭದಾ ನಗು ತಡೆದುಕೊಂಡು, ಹಾಗಾದರೆ ನಾಯಿಯೂ ನಿಮ್ಮದೇ ಎಂದು ಬರೆದುಕೊಳ್ಳಲೇ ಎಂದು ಕೇಳಿದಳು. ಸಾವಂತ್ರವ್ವನ ಕೋಲು ಗಾಳಿಯಲ್ಲೇ ನಿಂತಿತು.

“ನಾಯಿ ದೇವರದು,” ಎಂದಳು. “ಅದರದಿನ್ನೂ ಸಣ್ಣ ವಯಸ್ಸೈತಿ.”

ಶುಭದಾ ಆ ಕಾಲಮಿಗೆ ಒಂದು ಗೀಟು ಎಳೆದು ಮುಂದೆ ಹೋದಳು. ಸಾವಂತ್ರವ್ವನ ಹೆಬ್ಬೆಟ್ಟು ಒತ್ತಿಸಿಕೊಂಡು, ಅರ್ಜಿಯ ಕೆಳಗೆ ಮಂಜೂರು ಎಂದು ಬರೆದು ಸಹಿ ಮಾಡಿದಳು. ಮಂಗಳವಾರ ಬಂದು ಕರೆದುಕೊಂಡು ಹೋಗಿ, ಅಷ್ಟರಲ್ಲಿ ಕಾಲಿನ ಪಟ್ಟಿ ಬಿಚ್ಚಿರುತ್ತಾರೆ ಎಂದಳು. ಕಲ್ಮೇಶ ಅವಲಕ್ಕಿಯ ತಾಟನ್ನು ಮತ್ತೆ ಮುಂದೆ ಹಿಡಿದ. ಭರಮಣ್ಣ ಮಾತ್ರ ನಿಂತಲ್ಲೇ ನಿಂತಿದ್ದ. ಶುಭದಾ ಕಾಗದಗಳನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಅವನು ಹತ್ತಿರ ಬಂದು, ಅದರಲ್ಲಿ ಏನು ಬರೆದಿದ್ದೀರಿ ಎಂದು ಕೇಳಿದ. ಅವನಿಗೆ ಓದಲು ಬರುತ್ತಿತ್ತು, ಅದು ಆಕೆಗೂ ಗೊತ್ತಿತ್ತು. ಆದರೂ ಆಕೆ ಕಾಗದ ತೆಗೆದು, ಭರಮಣ್ಣ, ಸಾವಂತ್ರವ್ವನ ಮಗ ಎಂದು ಓದಿದಳು.

“ಇನ್ನೊಮ್ಮೆ ಓದ್ರಿ,” ಎಂದ ಭರಮಣ್ಣ.